ಮಾಸ್ತರರು ಚಹಾ ಕುಡಿಯದ ದಿನ

ಹೋದ ವಾರ ನನ್ನ ದವಡೆ ಹಲ್ಲು ನೋಯತೊಡಗಿತು. ಹೆಂಡತಿ ಹತ್ತಿಯ ಉಂಡೆಗೆ ಲವಂಗದ ಎಣ್ಣೆ ಹಚ್ಚಿ, ಕಚ್ಚಿ ಹಿಡಿಯಲು ಕೊಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹತ್ತಿಯನ್ನು ಉಗುಳಿ ಅಂಗಳಕ್ಕೆ ಎದ್ದುಹೋದೆ. "ಖಾರ ಆತೇನ್ರಿ?" ಎಂದು ಅವಳು ಒಳಗಿನಿಂದ ಕೇಳಿದಳು. ಹೂಂ ಎಂದೆ. ಮಾಸ್ತರರು ನೆನಪಾದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಗ ನಾನು ಬೈಲಹೊಂಗಲದ ಒಂದು ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರೊಬ್ಬರು ಕಟ್ಟಿದ ತಂಡ. ಮಿಲ್ಲಿನ ಹಿಂದೆ ಸಿಮೆಂಟಿನ ಅಂಕಣ, ನಾವು ಹತ್ತು ಮಂದಿ, ಎಲ್ಲರಿಗೂ ತಿಂಗಳ ಪಗಾರ. "ತಳಾನ ಇಲ್ಲದ ಬುಟ್ಟಿಗೆ ಚೆಂಡ ಹಾಕಾಕ ಪಗಾರ ಕೊಡತಾರಂತ, ಎಂಥಾ ಕಾಲ ಬಂತವ್ವಾ" ಎಂದು ನನ್ನವ್ವ ಓಣಿಯವರ ಮುಂದೆ ನಗುತ್ತಿದ್ದಳು. ನಗುತ್ತಲೇ ಹೆಮ್ಮೆಯನ್ನೂ ಪಡುತ್ತಿದ್ದಳು. ಆದರೆ ನಾವು ಬುಟ್ಟಿಗೆ ಹಾಕಿದ್ದಕ್ಕಿಂತ ಬುಟ್ಟಿಯ ಹೊರಗೆ ಹಾಕಿದ್ದೇ ಹೆಚ್ಚು. ಎರಡು ವರ್ಷ ಲೀಗಿನಲ್ಲಿ ಕೊನೆಯ ಸ್ಥಾನ ನಮ್ಮದೇ. ಹುಬ್ಬಳ್ಳಿಯಲ್ಲಿ ಸೋತು ಬಂದ ಒಂದು ದಿನ, ಮಿಲ್ಲಿನ ಹಮಾಲರು ಸಹ ನಮ್ಮನ್ನು ನೋಡಿ ಮುಖ ತಿರುಗಿಸಿದರು.

ಆಮೇಲೆ ಸಾಹುಕಾರರು ಮಾಸ್ತರರನ್ನು ಕರೆತಂದರು. ಕಟಕೋಳದ ಕಡೆಯವರು, ಸರಕಾರಿ ಸಾಲೆಯಲ್ಲಿ ಪಿ.ಟಿ. ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದರು. ಗಿಡ್ಡ ಆಸಾಮಿ. ನಮ್ಮ ಎದೆಮಟ್ಟಕ್ಕೆ ಬರುತ್ತಿದ್ದ ಅವರು ಬೈದರೆ ಮಾತ್ರ ನಾವೇ ಗಿಡ್ಡಾಗುತ್ತಿದ್ದೆವು. ಸಂಜೆ ಆಟ ಮುಗಿದ ಮೇಲೆ ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹುಣಸೆ ಬೀಜ ಮತ್ತು ಶೇಂಗಾ ಹರವಿಕೊಂಡು ತಂಡ ಕಟ್ಟುತ್ತಿದ್ದರು. ಹುಣಸೆ ಬೀಜವೆಂದರೆ ನಮ್ಮಂಥ ಹಳಬರು, ಶೇಂಗಾ ಎಂದರೆ ಹೊಸ ಹುಡುಗರು. ಯೋಚಿಸುತ್ತ ಯೋಚಿಸುತ್ತ ಶೇಂಗಾ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. "ಸರ, ನಮ್ಮ ಸೆಂಟರ್‌ನ ತಿಂದಬಿಟ್ರಿ" ಎಂದು ನಾವು ಕಾಡುತ್ತಿದ್ದೆವು.

ಅವರ ಯೋಜನೆ ಸರಳವಾಗಿತ್ತು, ಆದರೆ ನುಂಗಲು ಕಷ್ಟ. ಹೊರಗಿನಿಂದ ದೊಡ್ಡ ಆಟಗಾರರನ್ನು ತರುವುದು ಬೇಡ. ಸುತ್ತಲಿನ ಹಳ್ಳಿಗಳಿಂದ ಎತ್ತರದ ಹುಡುಗರನ್ನು ಆರಿಸಿ ಮೂರು ವರ್ಷ ತಿದ್ದುವುದು, ಆ ಮೂರು ವರ್ಷ ಸೋಲುವುದು. "ಸೋತ ಮರುದಿನಾನೂ ಮುಂಜಾನೆ ಬಂದು ಓಡೂ ತಂಡ ಬೇಕ ನನಗ. ಗೆಲ್ಲೂದು ಆಮ್ಯಾಲಿನ ಮಾತು" ಎನ್ನುತ್ತಿದ್ದರು. ಸಾಹುಕಾರರು ಒಪ್ಪಿ, ಒಂದೇ ಷರತ್ತು ಹಾಕಿದರು. ಸೋತರೆ ಸೋಲಲಿ, ಆದರೆ ತಂಡದೊಳಗಿನ ಜಗಳ ಬೀದಿಗೆ ಬಂದು ಊರಲ್ಲಿ ನಗೆಗೇಡು ಆಗಕೂಡದು.

ಹಳಬರಲ್ಲಿ ಅರ್ಧ ಮಂದಿಯನ್ನು ಬಿಡಬೇಕಾಗಿತ್ತು. ಇಲ್ಲಿ ಮಾಸ್ತರರದೊಂದು ಪದ್ಧತಿ. ಯಾರನ್ನೂ ಅಂಕಣದಲ್ಲಾಗಲಿ ಫೋನಿನಲ್ಲಾಗಲಿ ತಂಡದಿಂದ ಬಿಡುತ್ತಿರಲಿಲ್ಲ. ಬಸ್ಸು ಹತ್ತಿ ಆಟಗಾರನ ಮನೆಗೇ ಹೋಗಿ, ತಂದೆತಾಯಿಯ ಎದುರು ಕೂತು ಹೇಳಿ ಬರುತ್ತಿದ್ದರು. ಆ ಮನೆಯಲ್ಲಿ ಚಹಾ ಮುಟ್ಟುತ್ತಿರಲಿಲ್ಲ. ಯಾಕೆಂದು ನಾನೇ ಒಮ್ಮೆ ಕೇಳಿದ್ದೆ. "ಒಬ್ಬರ ಅನ್ನಕ್ಕ ಕಲ್ಲ ಹಾಕಾಕ ಹೋದಾಂವಾ, ಅವರ ಮನೀ ಚಹಾ ಕುಡದ ಬರಲ್ಯಾ ತಮ್ಮಾ?" ಎಂದರು.

ಅಷ್ಟು ಸಾಕಾಯಿತು ನಮಗೆ. ಉಳಿಯುವವರ ಮನೆಗೂ ಅವರು ಹೋಗುತ್ತಿದ್ದುದರಿಂದ, ಮಾಸ್ತರರು ಯಾವ ಮನೆಯಲ್ಲಿ ಚಹಾ ಕುಡಿದರು, ಯಾವ ಮನೆಯಲ್ಲಿ ಬಿಟ್ಟರು ಎಂಬುದೇ ನಮ್ಮ ಪಂಚಾಂಗವಾಯಿತು. ಕಿತ್ತೂರಿನ ಹುಡುಗನ ಮನೆಯಲ್ಲಿ ಚಹಾದ ಕಪ್ಪು ಹಾಗೇ ಉಳಿಯಿತಂತೆ, ಅವನು ಹೋದ. ರಾಮದುರ್ಗದವನ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡರಂತೆ, ಅವನು ಉಳಿದ. ಸವದತ್ತಿಯವನೂ ಉಳಿದ. ನನ್ನ ಸರದಿ ಮಾತ್ರ ಬಂದಿರಲಿಲ್ಲ. ನನಗಾಗ ಮೂವತ್ಮೂರು. ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತಿತ್ತು. ಆಟ ಬಿಟ್ಟು ಬೇರೆ ಕೆಲಸ ಕಲಿತವನಲ್ಲ ನಾನು. ಉಗರಗೋಳದಲ್ಲಿ, ದೇವಿಯ ಗುಡ್ಡಕ್ಕೆ ಹೋಗುವ ದಾರಿಗೆ, ಕುಂಕುಮ ಮತ್ತು ಅರಿಸಿನದ ಭಂಡಾರ ಮಾರುವ ಅವ್ವನದೊಂದು ಅಂಗಡಿ ಇತ್ತು, ಅದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದೆಂದರೆ ಸೋಲು ಒಪ್ಪಿಕೊಂಡಂತೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಮಾಸ್ತರರು ಉಗರಗೋಳದ ನಮ್ಮ ಮನೆಗೆ ಬಂದರು. ಬಿಸಿಲಲ್ಲಿ ನಡೆದು ಬಂದು ಮುಖ ಬಾಡಿತ್ತು. ಅವ್ವ ಚಾಪೆ ಬಿಡಿಸಿ ಹಾಸಿ, "ಬರ್ರಿ ಮಾಸ್ತರ, ಕುಂಡ್ರ್ರಿ" ಎಂದು ಉಪಚರಿಸಿದಳು. ಅವರು ನಗಲೂ ಇಲ್ಲ. ಒಂದು ಕೈ ಗಲ್ಲದ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತರು. ಹತ್ತಿರ ಹೋದಾಗ ಲವಂಗದ ವಾಸನೆ ಬಂತು. ಸಾಹುಕಾರರ ಮನೆಯಲ್ಲಿ ಉಂಡು, ಎಲೆಯಡಿಕೆ ಹಾಕಿಕೊಂಡು, ನನ್ನ ಜಾಗಕ್ಕೆ ಯಾರು ಎಂದು ತೀರ್ಮಾನಿಸಿಯೇ ಬಂದಿದ್ದಾರೆ ಎಂದುಕೊಂಡೆ. ಸಿಟ್ಟಿನವನಿಗೆ ಪುರಾವೆಗೇನು ಬರ...

ಅವ್ವ ಚಹಾ ತಂದಿಟ್ಟಳು. ಮಾಸ್ತರರು ಕೈ ಅಡ್ಡ ಹಿಡಿದರು.

"ಬ್ಯಾಡವಾ" ಎಂದರು, ಅದೂ ಅರ್ಧ ಬಾಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಒಂದ ಮಾತು..." ಎಂದು ಶುರು ಮಾಡಿದರು.

"ಏನೂ ಹೇಳಬ್ಯಾಡ್ರಿ ಸರ. ನೀವು ಹೇಳೂಕಿಂತ ಮೊದಲ ನಾನ ಬಿಟ್ಟೇನಿ. ಹತ್ತ ವರ್ಷ ಕಾಲ ಸವಿಸಿದಾಂವಗ ಹುಣಸಿ ಬೀಜಾ ಒಗದಂಗ ಒಗೀತೀರಿ?"

ಅವರು ಕೈ ಎತ್ತಿ, ನಿಲ್ಲು ಎನ್ನುವಂತೆ ಸನ್ನೆ ಮಾಡಿದರು. ನಾನು ನಿಲ್ಲಲಿಲ್ಲ. ಅವರ ಎದುರಿಗೇ ಫೋನು ತೆಗೆದು ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದೆ. ಈ ಮಾಸ್ತರರು ಹಳಬರ ಬೆನ್ನಿಗೆ ಚೂರಿ ಹಾಕುತ್ತಿದ್ದಾರೆ, ಮಾನ ಇದ್ದವನು ಇವರ ಕೈಕೆಳಗೆ ಆಡಲಾರ, ನಾನು ಹೊರಟೆ. ಮಾಸ್ತರರು ಗೋಡೆ ಹಿಡಿದು ಎದ್ದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಸಂಜೆಯೊಳಗೆ ರಾಮದುರ್ಗದವನೂ ಸವದತ್ತಿಯವನೂ ನನ್ನ ಹಿಂದೆಯೇ ತಂಡ ಬಿಟ್ಟರು. ಉಳಿಯುತ್ತೇವೆಂದು ಖಾತ್ರಿ ಇದ್ದವರು ಅವರಿಬ್ಬರೂ. "ನಿನಗಿಲ್ಲದ ತಂಡ ನಮಗ್ಯಾಕ ದೋಸ್ತ" ಎಂದರು. ನಾನು ಬರೆದದ್ದು ಫೋನಿನಿಂದ ಫೋನಿಗೆ ಹಾರಿ ಮಾರ್ಕೆಟ್‌ಯಾರ್ಡಿನ ದಲಾಲರ ಅಂಗಡಿ ಮುಟ್ಟಿತು. ಸಾಹುಕಾರರನ್ನು ಯಾರೋ ಅಲ್ಲಿಯೇ ಚೇಷ್ಟೆ ಮಾಡಿದರಂತೆ. ಮರುದಿನವೇ ಅವರು ತಂಡ ಮುಚ್ಚಿದರು. ವಾರದೊಳಗೆ ಬುಟ್ಟಿಯ ಕಂಬಗಳನ್ನು ಗ್ಯಾಸಿನಿಂದ ಕೊಯ್ದು ತೆಗೆದು, ಅಂಕಣದ ತುಂಬ ಹತ್ತಿಯ ಅಂಡಿಗೆ ಮೂಟೆಗಳನ್ನು ಒಟ್ಟಿದರು. ಆರಿಸಿಟ್ಟಿದ್ದ ಆರು ಹಳ್ಳಿ ಹುಡುಗರು ಬ್ಯಾಗು ಹೊತ್ತು ಬಂದು, ಗೇಟಿನಿಂದಲೇ ತಿರುಗಿ ಹೋದರಂತೆ. ಮಾಸ್ತರರು ಕಟಕೋಳಕ್ಕೆ ಹೋದರು. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ಬಹಳ ಎಂದು ನೆವ ಹೇಳಿದೆ.

ಅದಾಗಿ ಒಂದು ವರ್ಷಕ್ಕೆ ಅವರ ಹೆಂಡತಿ ನಮ್ಮ ಅಂಗಡಿಗೆ ಬಂದರು. ಗುಡ್ಡಕ್ಕೆ ಬಂದವರು, ಭಂಡಾರ ಕೊಳ್ಳಲು ನಿಂತಿದ್ದರು. ನನ್ನ ಎತ್ತರ ನೋಡಿಯೇ ಗುರುತು ಹಿಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯದಾಯಿತು.

"ನಿಮ್ಮ ಮನೀಗೆ ಬಂದಿದ್ರಲ್ಲಾ, ಅವತ್ತ ಮುಂಜಾನೆ ಬೈಲಹೊಂಗಲದಾಗ ಹಲ್ಲ ಕೀಳಿಸಿಕೊಂಡಿದ್ರಪಾ. ಬಾಯಿ ಮರಗಟ್ಟಿತ್ತು. ಬಿಸಿದೇನೂ ಕುಡೀಬ್ಯಾಡ್ರಿ ಅಂದಿದ್ರು ಡಾಕ್ಟರ. ನಾಳಿ ಹೋಗ್ರಿ ಅಂದ್ರ ಕೇಳಲಿಲ್ಲ. ಅವನ್ನ ಕ್ಯಾಪ್ಟನ್ ಮಾಡಬೇಕು, ಇವತ್ತ ಹೇಳೇ ಬರತೇನಿ ಅಂತ ಹೊಂಟ್ರು."

ನಾನು ಭಂಡಾರದ ಪೊಟ್ಟಣ ಕಟ್ಟುತ್ತಿದ್ದೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹುಡುಗ ಸಿಟ್ಟಿನ್ಯಾಗ ಅದಾನ, ಎರಡ ದಿನಾ ಬಿಟ್ಟ ಹೋಗತೇನಿ ಅಂದ್ರು. ಅಷ್ಟರಾಗ ಎಲ್ಲಾ ಮುಗದಿತ್ತು" ಎಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಅದನ್ನು ಹೇಳದೆ ಹೋಗಿದ್ದರೆ ನಾನು ಇವತ್ತಿಗೂ ಸ್ವಲ್ಪ ನಿದ್ದೆ ಮಾಡುತ್ತಿದ್ದೆನೇನೋ. "ಮೂರ ವರ್ಷ ಸೋಲೂದು ಐತಿ, ಸೋಲೂಮುಂದ ತಾಳ್ಮಿ ಬಿಡದಾಂವ ಒಬ್ಬ ಬೇಕು, ಅಂವಾ ಇವನ ಅಂತಿದ್ರಪಾ ನಿನಗ."

ಐದು ನಿಮಿಷ... ಐದೇ ನಿಮಿಷ ತಾಳಿದ್ದರೆ ಸಾಕಾಗಿತ್ತು. ಅಂಗಡಿಗೆ ಗಿಡ್ಡನೆಯ ವಯಸ್ಸಾದವರು ಯಾರಾದರೂ ಬಂದು ಒಂದು ಕ್ಷಣ ಸುಮ್ಮನೆ ನಿಂತರೆ ಈಗಲೂ ಕೈಯಲ್ಲಿನ ತಕ್ಕಡಿ ಕೆಳಗಿಡುತ್ತೇನೆ. ಏನು ಬೇಕೆಂದು ಕೇಳುವ ಧೈರ್ಯವಾಗುವುದಿಲ್ಲ. ಅವರಾಗಿ ಬಾಯಿ ಬಿಡುವವರೆಗೂ ಕಾಯುತ್ತೇನೆ. ಇಂಥ ತಾಳ್ಮೆ ಈಗ ಬೇಕಾದಷ್ಟಿದೆ, ಬೇಕಾದವರು ಇಲ್ಲ.

ನಿನ್ನೆ ರಾಮದುರ್ಗದವನು ಫೋನು ಮಾಡಿದ್ದ. ಈಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಮಗನನ್ನು ಯಾವುದಾದರೂ ಆಟದ ತರಬೇತಿಗೆ ಸೇರಿಸಬೇಕು, ಎಲ್ಲಿ ಒಳ್ಳೆಯದು ಎಂದು ಕೇಳಿದ, ಮಾತು ಹಳೆಯ ದಿನಗಳಿಗೆ ಹೊರಳಿತು. ಹಲ್ಲು ಕೀಳಿಸಿದ ಸಂಗತಿಯನ್ನು ನಾನು ಅವನಿಗೂ ಸವದತ್ತಿಯವನಿಗೂ ಇದುವರೆಗೆ ಹೇಳಿಲ್ಲ. ಪ್ರತಿಸಲ ಇವತ್ತು ಹೇಳುತ್ತೇನೆ ಎಂದುಕೊಂಡೇ ಫೋನು ಎತ್ತುತ್ತೇನೆ.

"ಆ ಮಾಸ್ತರ ಒಬ್ಬಾಂವ ಬರದಿದ್ರ ನಮ್ಮ ಬಾಳೇ ಬ್ಯಾರೆ ಇರತಿತ್ತು ನೋಡ ದೋಸ್ತ. ಎಲ್ಲಾರ್ನೂ ಹಾಳ ಮಾಡಿ ಹ್ವಾದ" ಎಂದ.

ಹೂಂ ಎಂದೆ.