ನಮ್ಮ ಬೀಗಿತ್ತಿಯ ಹಿತ್ತಾಳೆ ಬಾಚಣಿಗೆ

ಎರಡು ವರ್ಷದ ಹಿಂದೆ, ಯುಗಾದಿಯ ಹಿಂದಿನ ದಿನ ಸಂಜೆ, ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಲ್ಲಿರುವ ಅಣ್ಣನ ಮನೆಯ ಅಡುಗೆಮನೆಯಲ್ಲಿ ಅವನ ಮಗಳ ಬಲಗಿವಿಯ ಮೇಲಂಚು ಸುಟ್ಟಿತು. ಗಾಯ ತೊಗರಿಬೇಳೆಯಷ್ಟು. ಸುಟ್ಟದ್ದು ಒಲೆಯ ಮೇಲೆ ಕಾಯಿಸಿದ ಹಿತ್ತಾಳೆಯ ಬಾಚಣಿಗೆ. ಅದು ಹುಡುಗಿಯ ತಾಯಿಯ ತಾಯಿ, ಅಂದರೆ ನಮ್ಮ ಬೀಗಿತ್ತಿ, ಅವರ ಕೈಯಲ್ಲಿತ್ತು. ಹುಡುಗಿಗೆ ಆಗ ಒಂಬತ್ತು ವರ್ಷ.

ಅಣ್ಣ ಧಾರವಾಡದವನು, ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಅವನ ಹೆಂಡತಿ, ನಮ್ಮ ವೈನಿ, ಅದೇ ಆಸ್ಪತ್ರೆಯಲ್ಲಿ ನರ್ಸ್. ಹ್ಯೂಸ್ಟನ್ನಿನಲ್ಲಿ ತಲೆಮಾರುಗಳಿಂದ ಇರುವ ಕಪ್ಪು ಮನೆತನದವರು. ಮಗಳು ತಾಯಿಯ ಬಣ್ಣ, ತಾಯಿಯ ಕೂದಲು ಪಡೆದು ಹುಟ್ಟಿದಳು. ಬಿಗಿಯಾಗಿ ಸುತ್ತಿಕೊಂಡ ದಟ್ಟ ಕೂದಲು. ಎಳೆದು ಬಿಟ್ಟರೆ ಸ್ಪ್ರಿಂಗಿನ ಹಾಗೆ ಮತ್ತೆ ತನ್ನ ಜಾಗಕ್ಕೆ ಹೋಗಿ ಕೂರುವಂಥದ್ದು.

ಬೀಗಿತ್ತಿ ಎತ್ತರದ ಹೆಂಗಸು. ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದರು. ನಿವೃತ್ತರಾದ ಮೇಲೂ ಅವರು ಒಳಗೆ ಬಂದರೆ ಸೋಫಾದ ಮೇಲೆ ಒರಗಿದವರು ಬೆನ್ನು ಎತ್ತಿ ಕೂರುತ್ತಿದ್ದರು. ಭಾನುವಾರದ ಚರ್ಚಿಗೆ ಹಾಕುವ ಟೋಪಿಗಳಿಗೆಂದೇ ಅವರ ಮನೆಯಲ್ಲಿ ಒಂದು ಕಪಾಟು ಇತ್ತು. ನನ್ನ ಅವ್ವ ಧಾರವಾಡದಿಂದ ಕಳಿಸುತ್ತಿದ್ದ ಶೇಂಗಾ ಚಟ್ನಿಪುಡಿಯನ್ನು ಅವರು ಬೆಳಗಿನ ಮೆಕ್ಕೆಜೋಳದ ಗಂಜಿಯ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಅಳಿಯನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಅರ್ಧ ಮರ್ಯಾದೆ, ಅರ್ಧ ಚೇಷ್ಟೆಯಲ್ಲಿ "ಡಾಕ್ಟರ್" ಎನ್ನುತ್ತಿದ್ದರು. ನನಗೆ "ಬೇಬಿ". ಫೋನ್ ಎತ್ತಿದರೆ, ಹೊತ್ತು ಯಾವುದೇ ಇರಲಿ, ಮೊದಲ ಮಾತು "ಊಟಾ ಆತೇನ್ರಿ?" ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ಅದು, "ನಮಸ್ಕಾರ ಬೀಗ್ರೆ", ಮತ್ತೆ ಇನ್ನೊಂದು ಪದ. ಉಳಿದ ಅವರ ಮಾತೆಲ್ಲ ಇಂಗ್ಲಿಷಿನದು. ಇಲ್ಲಿರುವುದು ನನ್ನ ಅನುವಾದ.

ಆ ಇನ್ನೊಂದು ಪದ "ನೆಟ್ಟಗ".

ಬಾಚಣಿಗೆ ಅವರ ತಾಯಿಯದು. ಮರದ ಹಿಡಿ, ಹಿತ್ತಾಳೆಯ ಹಲ್ಲು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ತೊಳೆದು ಒಣಗಿಸಿದ ಕೂದಲನ್ನು ಪಾಲು ಪಾಲಾಗಿ ತೆಗೆದು, ಬುಡಕ್ಕೆ ಸ್ವಲ್ಪ ಜಿಡ್ಡು ಹಚ್ಚಿ, ಕಾದ ಬಾಚಣಿಗೆಯನ್ನು ಮೊದಲು ಬಿಳಿ ಕಾಗದದ ಮೇಲೆ ಒತ್ತಿ ನೋಡುತ್ತಿದ್ದರು. ಕಾಗದ ಕಂದಾದರೆ ಊದಿ ಆರಿಸುತ್ತಿದ್ದರು. ಆಮೇಲೆ ಬುಡದಿಂದ ತುದಿಯವರೆಗೆ ಒಂದೇ ಎಳೆತ. ಸುರುಳಿ ಬಿಚ್ಚಿ ಕೂದಲು ನೇರವಾಗುತ್ತಿತ್ತು. ಕಿವಿಯ ಹತ್ತಿರ ಬಂದಾಗ "ಕಿವಿ ಹಿಡ್ಕೊ" ಎನ್ನುತ್ತಿದ್ದರು. ಹುಡುಗಿ ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿದುಕೊಳ್ಳುತ್ತಿದ್ದಳು. "ಬಾಯಿ ಎಷ್ಟು ಬೇಕಾದರೂ ಆಡಿಸು, ತಲೆ ಆಡಿಸಬೇಡ" ಎಂಬುದು ಅವರ ಕಾನೂನು.

ಈ ಕೆಲಸವನ್ನು ಅವರು ಒಮ್ಮೆ ಬಿಟ್ಟಿದ್ದರು. ವೈನಿಗೆ ಚಿಕ್ಕಂದಿನಲ್ಲಿ ಈಸ್ಟರಿಗೆ, ಶಾಲೆಯ ಫೋಟೊ ದಿನಕ್ಕೆ, ಮದುವೆಗಳಿಗೆ ಹೀಗೇ ಕೂದಲು ಎಳೆಯುತ್ತಿದ್ದರಂತೆ. ಡಲ್ಲಾಸಿನಲ್ಲಿ ಕಾಲೇಜು ಓದುವಾಗ ವೈನಿ ಅದನ್ನೆಲ್ಲ ಬುಡಕ್ಕೆ ಕತ್ತರಿಸಿಕೊಂಡು, ಹುಟ್ಟಿನ ಕೂದಲನ್ನೇ ಬೆಳೆಸಿಕೊಂಡು ಮನೆಗೆ ಬಂದರು. ತಾಯಿ ಮಗಳ ನಡುವೆ ಬಹಳ ದಿನ ಮಾತು ಸರಿಯಿರಲಿಲ್ಲ. ಕೊನೆಗೆ ಬೀಗಿತ್ತಿಯೇ ಸೋತು ಡಬ್ಬಿಯನ್ನು ಟೋಪಿಗಳ ಕಪಾಟಿನ ಹಿಂದೆ ಇಟ್ಟರು. ತಮ್ಮ ತಲೆಗೆ ಮಾತ್ರ ಪಾರ್ಲರಿಗೆ ಹೋಗುತ್ತಿದ್ದರು.

ಡಬ್ಬಿ ಮತ್ತೆ ಹೊರಗೆ ಬಂದದ್ದು ನಮ್ಮಿಂದ.

ಹುಡುಗಿ ಚಿಕ್ಕವಳಿದ್ದಾಗ ಒಂದು ದೀಪಾವಳಿಯ ಮುಂಚೆ ಅವ್ವ ಧಾರವಾಡದಿಂದ ವಿಡಿಯೊ ಕಾಲ್ ಮಾಡಿದ್ದಳು. ಆಡಿ ಬಂದ ಮಗುವಿನ ಕೆದರಿದ ತಲೆ ನೋಡಿ, "ಹಬ್ಬಕ್ಕ ತಲಿ ನೆಟ್ಟಗ ಹಿಕ್ಕಿ ಹೂ ಮುಡಸ್ರಿ" ಎಂದಳು. ಬೀಗಿತ್ತಿ ಪಕ್ಕದಲ್ಲೇ ಕೂತಿದ್ದರು. ಏನಂದರು ಎಂದು ಕೇಳಿದರು. ಅಣ್ಣ ಹೇಳಿದ: "ಹಬ್ಬಕ್ಕೆ ಕೂದಲು ಸ್ಟ್ರೇಟ್ ಇರಬೇಕಂತೆ." ಅವರು ಆ ಕನ್ನಡ ಪದ ಯಾವುದು ಎಂದು ಎರಡು ಸಲ ಕೇಳಿ ಕಲಿತರು.

ಊರು ಬಿಟ್ಟು ಇಲ್ಲಿಗೆ ಬರುವ ಮುಂಚೆ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದವಳು. ಆ ಅಳತೆಯಲ್ಲಿ ಹೇಳುವುದಾದರೆ ಅಣ್ಣನದು ತಪ್ಪು ಅನುವಾದ. ನಮ್ಮ ಮನೆಯಲ್ಲಿ ನೆಟ್ಟಗ ಕೂಡಬೇಕು, ನೆಟ್ಟಗ ಉಣಬೇಕು, ನೆಟ್ಟಗ ಮಾತಾಡಬೇಕು. ಚಲೋತ್ನಾಗಿ, ಅಚ್ಚುಕಟ್ಟಾಗಿ ಎಂದಷ್ಟೇ ಅರ್ಥ. ಮಗುವಿನ ತಲೆಯನ್ನು ಅಚ್ಚುಕಟ್ಟಾಗಿ ಬಾಚಿ ಎಂದು ಅಜ್ಜಿ ಹೇಳಿದ್ದು, ಸುರುಳಿಯನ್ನು ಗೆರೆ ಮಾಡಿ ಎಂದು ಇನ್ನೊಬ್ಬ ಅಜ್ಜಿಯ ಕಿವಿಗೆ ಬಿತ್ತು.

ಅಂದಿನಿಂದ ನಮ್ಮ ಕಡೆಯ ಪ್ರತಿ ಹಬ್ಬಕ್ಕೆ, ನಮ್ಮ ಕಡೆಯವರು ಬರುವ ಪ್ರತಿ ಸಮಾರಂಭಕ್ಕೆ ಅವರು ಡಬ್ಬಿಯೊಂದಿಗೆ ಪೇರ್ಲ್ಯಾಂಡಿಗೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ವೈನಿಗೆ ಇಷ್ಟವಿರಲಿಲ್ಲ. "ನಿಮ್ಮವರಿಗೋಸ್ಕರ, ಹಬ್ಬಕ್ಕೆ ಮಾತ್ರ" ಎಂದು ಅಣ್ಣನಿಗೆ ಹೇಳಿ ಸುಮ್ಮನಾಗಿದ್ದರು.

ಆ ಸಂಜೆ ವೈನಿ ಡ್ಯೂಟಿಯಲ್ಲಿದ್ದರು. ನಾನು ಮೂರು ಗಂಟೆ ದಾರಿಯ ಲಿಯಾಂಡರಿನ ನನ್ನ ಮನೆಯಿಂದ ಬಂದು ಅಡುಗೆಮನೆಯಲ್ಲಿ ಚಹಾ ಮಾಡಿಕೊಳ್ಳುತ್ತಿದ್ದೆ. ಬೀಗಿತ್ತಿ ಕುರ್ಚಿಯಲ್ಲಿ, ಹುಡುಗಿ ಅವರ ಮೊಣಕಾಲುಗಳ ನಡುವೆ ನೆಲದ ಮೇಲೆ. ಎಡಭಾಗ ಮುಗಿದಿತ್ತು. ಅಣ್ಣ ಏರ್‌ಪೋರ್ಟಿನಿಂದ ಅವ್ವನನ್ನು ಕರೆದುಕೊಂಡು ಬಂದ. ಬೆಲ್ ಆದದ್ದೇ ತಡ, ಹುಡುಗಿ "ಅಜ್ಜಿ" ಎಂದು ಕೂಗಿ, ಮಡಚಿ ಹಿಡಿದಿದ್ದ ಕಿವಿ ಬಿಟ್ಟು ಬಾಗಿಲ ಕಡೆ ತಿರುಗಿದಳು.

ಬೀಗಿತ್ತಿ ಗಾಬರಿಯಾಗಲಿಲ್ಲ, ಗದರಲೂ ಇಲ್ಲ. ಕಿವಿಯನ್ನು ತಣ್ಣೀರಿನ ಕೆಳಗೆ ಹಿಡಿದು, ಒದ್ದೆ ಬಟ್ಟೆ ಮಡಚಿ ಅವಳ ಕೈಗೆ ಕೊಟ್ಟು, ತಮ್ಮ ಕೈ ಒರೆಸಿಕೊಂಡು ಅವ್ವನ ಮುಂದೆ ಹೋಗಿ ನಿಂತರು.

"ನಮಸ್ಕಾರ ಬೀಗ್ರೆ."

"ನಮಸ್ಕಾರ್ರಿ. ಏನಿದು ಸುಟ್ಟ ವಾಸನಿ?" ಎಂದಳು ಅವ್ವ.

ಬೀಗಿತ್ತಿ ಹುಡುಗಿಯ ತಲೆಯ ಎಡಭಾಗ ತೋರಿಸಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ ಕೇಳಿದರು: "ನೆಟ್ಟಗ?"

"ಏನ್ ನೆಟ್ಟಗ್ರಿ? ಕೂಸಿನ ಕಿವಿ ಸುಟ್ಟದಲ್ಲ."

ಸೂಟ್‌ಕೇಸ್ ಹಿಡಿದು ನಿಂತಿದ್ದ ಅಣ್ಣ ಅನುವಾದಿಸಲಿಲ್ಲ. ಮಾತಾಡಿದ್ದು ಹುಡುಗಿ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಗ್ರ್ಯಾಂಡ್‌ಮಾ, ನೆಟ್ಟಗ ಅಂದ್ರೆ ಸ್ಟ್ರೇಟ್ ಅಲ್ಲ. ಅಜ್ಜಿ ಫೋನಿನಲ್ಲಿ ನನಗೆ ದಿನಾ ಹೇಳ್ತಾಳೆ, ನೆಟ್ಟಗ ಉಣ್ಣು ಅಂತ. ಅನ್ನ ಸ್ಟ್ರೇಟ್ ಮಾಡ್ಕೊಂಡು ತಿನ್ನೋಕಾಗುತ್ತಾ?"

ಬೀಗಿತ್ತಿ ಅಣ್ಣನ ಕಡೆ ತಿರುಗಿದರು. "ಹೌದಾ, ಡಾಕ್ಟರ್?"

"ಅವತ್ತು ಅವಸರದಲ್ಲಿ ಹೇಳಿದ್ದೆ" ಎಂದ ಅಣ್ಣ. "ಪದ ತಪ್ಪಾಯಿತು."

ಅವರು ಒಲೆ ಆರಿಸಿದರು. "ಹಾಗಾದರೆ ಈಗ ನಿನ್ನ ತಾಯಿಯನ್ನೇ ಕೇಳು. ಅರ್ಧ ಆಗಿದೆ. ಮುಗಿಸಲಾ, ತೊಳೆದುಬಿಡಲಾ?"

ಅಣ್ಣ ಕೇಳಿದ. ಅವ್ವ ಮೊಮ್ಮಗಳ ತಲೆ ನೋಡಿದಳು. ಎಡಗಡೆ ಕೂದಲು ಭುಜದ ಮೇಲೆ ಇಳಿಬಿದ್ದಿತ್ತು, ಬಲಗಡೆಯದು ಎದ್ದು ನಿಂತಿತ್ತು. ಹುಡುಗಿ ಬಟ್ಟೆಯನ್ನು ಕಿವಿಗೆ ಒತ್ತಿಕೊಂಡು ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ತೊಳೀರಿ ಎಂದು ಹೇಳಲು ಅಣ್ಣನಿಗೂ ಸಮಯವಿತ್ತು, ನನಗೂ ಇತ್ತು.

"ಅರ್ಧಕ್ಕ ಬಿಡಬ್ಯಾಡ್ರಿ" ಎಂದಳು ಅವ್ವ. "ನಾಳೆ ಮಂದಿ ಬರ್ತಾರ."

ಈ ಸಲ ಅಣ್ಣನ ಅನುವಾದ ಸರಿಯಾಗಿತ್ತು.

ಬೀಗಿತ್ತಿ ಮತ್ತೆ ಒಲೆ ಹಚ್ಚಿದರು. ಹುಡುಗಿ ಅವರ ಮೊಣಕಾಲುಗಳ ನಡುವೆ ಹೋಗಿ ಕೂತಳು. ಅವ್ವ ಸ್ನಾನಕ್ಕೆ ಹೋದಳು, ಅಣ್ಣ ಸೂಟ್‌ಕೇಸ್ ಒಳಗಿಡಲು ಹೋದ. ಉಳಿದವಳು ನಾನು. ಬಾಚಣಿಗೆಯನ್ನು ಕಾಗದದ ಮೇಲೆ ಒತ್ತುತ್ತ ಅವರು ನನ್ನನ್ನು ನೋಡದೆಯೇ ಹೇಳಿದರು:

"ಪದ ತಪ್ಪಿತ್ತು, ಒಪ್ಪಿದೆ ಬೇಬಿ. ಆದರೆ ಪದ ಒಂದನ್ನೇ ನಂಬಿಕೊಂಡು ನಾನು ಇಷ್ಟು ವರ್ಷ ಈ ಡಬ್ಬಿ ಹೊತ್ತುಕೊಂಡು ಓಡಾಡಲಿಲ್ಲ. ಮೊದಲ ಸಲ ಹೀಗೆ ಮಾಡಿ ಫೋನಿನ ಮುಂದೆ ಕೂರಿಸಿದೆನಲ್ಲ, ಆಗ ನಿಮ್ಮೆಲ್ಲರ ಮುಖ ನೋಡಿದೆ. ಅದನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ." ಆಮೇಲೆ ಹುಡುಗಿಗೆ, "ಕಿವಿ ಹಿಡ್ಕೊ. ಬೇಡ ಬಿಡು, ಸುಟ್ಟ ಕಿವಿ ಅದು, ನಾನೇ ಹಿಡಿತೀನಿ."

ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನ ಹಳೆಯ ಫೋಟೊಗಳನ್ನು ನಾನು ಆಮೇಲೆ ಹಿಂದಕ್ಕೆ ಸರಿಸಿ ನೋಡಿದೆ. ಹಬ್ಬದ ಫೋಟೊಗಳ ಕೆಳಗೆ ಧಾರವಾಡ, ಬೆಳಗಾವಿ, ಪುಣೆಯಿಂದ ಬಂದ ಉತ್ತರಗಳಿದ್ದವು: ಎಷ್ಟು ಚಂದ ಕಾಣಸ್ತಾಳ, ದೃಷ್ಟಿ ತಗೀರಿ. ಅವುಗಳಲ್ಲಿ ನನ್ನವೂ ಇದ್ದವು. ಅದೇ ಹುಡುಗಿ ತನ್ನ ಕೂದಲಿನಲ್ಲೇ ಈಜುಕೊಳದಲ್ಲಿ, ಶಾಲೆಯಲ್ಲಿ, ಸೈಕಲ್ ಮೇಲೆ ಇರುವ ಫೋಟೊಗಳನ್ನೂ ವೈನಿ ಕಳಿಸಿದ್ದರು. ಅವುಗಳ ಕೆಳಗೆ ಏನೂ ಇರಲಿಲ್ಲ.

ಮರುದಿನ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿ ಕಾರ್ಯಕ್ರಮ. ಹುಡುಗಿ ಇಳಕಲ್ ಬಟ್ಟೆಯ ಪರಕರ ಪೋಲಕ, ಅಂದರೆ ಲಂಗ ರವಿಕೆ, ಹಾಕಿಕೊಂಡಿದ್ದಳು. ಕಿವಿಯ ಗಾಯ ಕಾಣದಂತೆ ಅವ್ವ ಮಲ್ಲಿಗೆ ಇಳಿಬಿಟ್ಟಿದ್ದಳು. ಹ್ಯೂಸ್ಟನ್ನಿನ ಹವೆ ಯಾವಾಗಲೂ ಒದ್ದೆ ಟವೆಲಿನಂತಿರುತ್ತದೆ. ಪಾರ್ಕಿಂಗಿನಿಂದ ಹಾಲಿಗೆ ನಡೆಯುವಷ್ಟರಲ್ಲಿ ಹಣೆಯಂಚಿನ ಕೂದಲು ಸುರುಳಿಯಾಗತೊಡಗಿತ್ತು. "ಮತ್ತೆ ಮೊದಲಿನ ಹಾಗೇ ಆಗ್ತಾ ಇದೆ" ಎಂದು ಬೀಗಿತ್ತಿ ಪರ್ಸಿನಿಂದ ಬ್ರಷ್ ತೆಗೆದು ತೀಡಿದರು.

ಊಟದ ಸಾಲಿನಲ್ಲಿ ಮೈಸೂರು ಕಡೆಯ ಆಂಟಿಯೊಬ್ಬರು ಹುಡುಗಿಯ ಗಲ್ಲ ಹಿಡಿದರು. "ಕೂದ್ಲು ಎಷ್ಟ್ ಚೆನ್ನಾಗ್ ಸೆಟ್ ಆಗಿದೆ ಪುಟ್ಟಿ. ಈಗ ನೋಡು, ನಮ್ಮೋರ್ ಥರಾನೇ ಕಾಣ್ತೀಯ."

"ನಿನ್ನೆ ಯಾರ ಥರ ಕಾಣ್ತಿದ್ದೆ?" ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

ಆಂಟಿ ನಕ್ಕು, "ಬಲು ಚೂಟಿ" ಎಂದು ನನಗೆ ಹೇಳಿ ಕೋಸಂಬರಿಯ ಕಡೆ ಸರಿದರು. ಬೀಗಿತ್ತಿ ಪೇಪರ್ ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. "ಏನಂದರು ಆಕೆ?"

"ಕೂದಲು ಚೆನ್ನಾಗಿದೆ ಅಂದರು."

"ಅಷ್ಟೇನಾ? ಮಾತು ಅದಕ್ಕಿಂತ ಉದ್ದ ಇತ್ತು."

ನಾನು ಹುಡುಗಿಯ ತಟ್ಟೆಗೆ ಕೋಸಂಬರಿ ಬಡಿಸಿದೆ. ಅವರು ಮತ್ತೆ ಕೇಳಲಿಲ್ಲ. ಹೋಳಿಗೆ ಹಾಕಿಸಿಕೊಂಡು, ಬೆನ್ನು ನೇರ ಮಾಡಿ, ಅವ್ವನ ಪಕ್ಕದಲ್ಲಿ ಹೋಗಿ ಕೂತು ಊಟ ಮಾಡಿದರು. ಇಬ್ಬರು ಅಜ್ಜಿಯರೂ ಅಂದು ಒಬ್ಬರಿಗೊಬ್ಬರು ತುಪ್ಪ ದಾಟಿಸುತ್ತಿದ್ದರು, ಅಷ್ಟೇ.

ಆ ವರ್ಷದ ದಸರೆಗೆ ಬೀಗಿತ್ತಿ ಬರಿಗೈಲಿ ಬಂದರು. "ಡಬ್ಬಿ ಮರೆತೆ" ಎಂದರು. ಅವರು ಏನನ್ನಾದರೂ ಮರೆತದ್ದು ನನಗೆ ತಿಳಿದಿಲ್ಲ. ದೀಪಾವಳಿಗೂ ಮರೆತರು. ಹುಡುಗಿ ಎರಡೂ ಹಬ್ಬಕ್ಕೆ ತನ್ನ ಕೂದಲಿನಲ್ಲೇ ಇದ್ದಳು. ವೈನಿ ಅದನ್ನು ಸಣ್ಣ ಸಣ್ಣ ಜಡೆ ಹೆಣೆದು, ಮೇಲೆ ಕಟ್ಟಿ ಹೂ ಮುಡಿಸಿದ್ದರು. ಬೀಗಿತ್ತಿ ಅದನ್ನು ಸುತ್ತಿ ಬಂದು ನೋಡಿ, "ಬೈತಲೆ ಸೊಟ್ಟ" ಎಂದಷ್ಟೇ ಹೇಳಿದರು.

ಕಳೆದ ಡಿಸೆಂಬರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಭಾನುವಾರ ಚರ್ಚಿಗೆ ಹೊರಡಲು ಟೋಪಿ ಹಾಕಿಕೊಂಡವರು ಕುರ್ಚಿಯಲ್ಲೇ ಹೋಗಿದ್ದರು.

ಅಂತ್ಯಸಂಸ್ಕಾರದ ಹಿಂದಿನ ದಿನ ಅವರ ಕೂದಲನ್ನು ಯಾರು ಬಾಚಿ ಸಿದ್ಧ ಮಾಡಬೇಕು ಎಂಬ ಪ್ರಶ್ನೆ ಬಂತು. ಪಾರ್ಲರಿನವರು ಬರುತ್ತೇವೆ ಎಂದರು. ವೈನಿ ಬೇಡವೆಂದರು. "ನೇರ ಮಾಡದ ಕೂದಲಲ್ಲಿ ಅಮ್ಮ ಯಾವತ್ತೂ ಚರ್ಚಿಗೆ ಹೋಗಿಲ್ಲ. ನಾನೇ ಮಾಡ್ತೀನಿ" ಎಂದು ಟೋಪಿಗಳ ಕಪಾಟಿನ ಹಿಂದಿನಿಂದ ಡಬ್ಬಿ ತೆಗೆದರು. ಆ ಬಾಚಣಿಗೆಯನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಶವ ಇಟ್ಟಿದ್ದ ಫ್ಯೂನರಲ್ ಹೋಮಿನವರು ಒಂದು ಸಣ್ಣ ವಿದ್ಯುತ್ ಒಲೆ ಕೊಟ್ಟರು. ವೈನಿ ಬಿಳಿ ಕಾಗದದ ಮೇಲೆ ಒತ್ತಿ ನೋಡಿದರು. ಕಾಗದ ಕಂದಾಯಿತು, ಊದಿ ಆರಿಸಿದರು. ಬೆಳ್ಳಗಿನ ಕೂದಲನ್ನು ಪಾಲು ಪಾಲಾಗಿ ತೆಗೆದು ಎಳೆದರು.

ಕಿವಿಯ ಹತ್ತಿರ ಬಂದಾಗ ವೈನಿಯ ಕೈ ನಿಂತಿತು. ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿ ಯಾರೂ ಹೇಳದೆ ಹತ್ತಿರ ಹೋಗಿ, ಅಜ್ಜಿಯ ಕಿವಿಯನ್ನು ಎರಡು ಬೆರಳಿನಲ್ಲಿ ಮುಂದಕ್ಕೆ ಮಡಚಿ ಹಿಡಿದಳು. ಒಂದು ಕಡೆ ಮುಗಿದ ಮೇಲೆ ಸುತ್ತಿ ಬಂದು ಇನ್ನೊಂದು ಕಿವಿ ಹಿಡಿದಳು.

ಆ ರಾತ್ರಿ ಧಾರವಾಡಕ್ಕೆ ಫೋನ್ ಮಾಡಿ ಇದನ್ನು ಅವ್ವನಿಗೆ ಹೇಳಿದೆ. ಅವ್ವನ ಕೂದಲೂ ಗುಂಗುರು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅದನ್ನು "ಕುರಿ ಉಣ್ಣೆ" ಎಂದಿದ್ದರಂತೆ. ಅಂದಿನಿಂದ ಅವಳು ಎಣ್ಣೆ ಇಳಿಯುವಷ್ಟು ಹಚ್ಚಿ, ಬಿಗಿದು ಕಟ್ಟಿ, ಮೇಲೆ ಸೆರಗು ಹೊದೆಯುತ್ತಾಳೆ. ನಾವು ಮಕ್ಕಳೇ ಅವಳ ಬಿಚ್ಚಿದ ತಲೆ ನೋಡಿದ್ದು ಕಡಿಮೆ.

"ಬೀಗರಿಗೆ ಒಮ್ಮೆ ನನ್ನ ತಲಿ ಬಿಚ್ಚಿ ತೋರಸಬೇಕಿತ್ತು" ಎಂದಳು. ಆಮೇಲೆ ಫೋನ್ ಅಪ್ಪನ ಕೈಗೆ ಕೊಟ್ಟಳು.

ಡಬ್ಬಿ ಈಗ ಪೇರ್ಲ್ಯಾಂಡಿನ ಮನೆಯಲ್ಲಿದೆ. ಹುಡುಗಿಯ ಬಲಗಿವಿಯ ಮೇಲೆ ಕಲೆ ಉಳಿದಿದೆ. ಈ ವರ್ಷದ ಯುಗಾದಿಗೆ ಅವಳು ಕೂದಲನ್ನು ಕಟ್ಟದೆ, ಹೆಣೆಯದೆ, ಹಾಗೇ ಬಿಟ್ಟು ಅದೇ ಇಳಕಲ್ ಪರಕರದಲ್ಲಿ ಬಾಗಿಲ ಮುಂದೆ ನಿಂತಳು. ಪರಕರ ಗಿಡ್ಡವಾಗಿತ್ತು. ಫೋಟೊ ತೆಗೆದು ಮನೆಮಂದಿಯ ಗುಂಪಿಗೆ ಕಳಿಸಿದವಳು ನಾನು. ಕೆಳಗೆ ಅವ್ವ ಬರೆದಳು: "ನೆಟ್ಟಗ ಕಾಣಸ್ತಾಳ."

ಬೇರೆ ಯಾರೂ ಇನ್ನೂ ಏನೂ ಬರೆದಿಲ್ಲ.