ಮಹಾಮಾಯಾ ಬರೆದ ರಾಜಕುಮಾರಿ

ನೌಬಾದದಿಂದ ಔರಾದಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮಹಾಮಾಯಾ ಒಂದೂವರೆ ವರ್ಷ ಒಬ್ಬ ಪರದೇಶದ ರಾಜಕುಮಾರಿಯ ಬದುಕನ್ನು ಬರೆದಳು. ಔರಾದದ ಕಾಲೇಜಿನಲ್ಲಿ ಆಕೆ ಇತಿಹಾಸದ ಅತಿಥಿ ಉಪನ್ಯಾಸಕಿ. ಏಳು ವರ್ಷವಾದರೂ ಅತಿಥಿಯೇ. ಅಪ್ಪ ಕಾಶೀರಾಮ ಭಾಲ್ಕಿಯಲ್ಲಿ ರೈಲು ಹಳಿಯ ಕೆಲಸ ಮಾಡುತ್ತಲೇ ತೀರಿಕೊಂಡಿದ್ದ. ಅವ್ವ ಅಂಜನಾಬಾಯಿ ಕಂಡವರ ತೊಗರಿ ಹೊಲದಲ್ಲಿ ಕಳೆ ತೆಗೆದು ಮಗಳನ್ನು ಎಂ.ಎ. ಮುಟ್ಟಿಸಿದ್ದಳು.

ವಿಭಾಗದ ಮುಖ್ಯಸ್ಥ ಮಲ್ಲಿಕಾರ್ಜುನಪ್ಪ ಒಂದು ದಿನ ಕರೆದು, "ಯುರೋಪಿನ ರಾಜಕುಮಾರಿ ಮ್ಯಾಲ ಒಂದು ಪುಸ್ತಕ ತರ್ಲತ್ತೀವಿ. ನೀವಾ ಬರೀರಿ, ನಿಮ್ಮ ಬರವಣಿಗಿ ಛಲೋ ಅದ" ಎಂದಿದ್ದರು.

ರಾಜಕುಮಾರಿ ಹುಟ್ಟಿದ್ದು ಅರಸುಮನೆಯಲ್ಲಿ, ಕೊಟ್ಟದ್ದು ಇನ್ನೊಂದು ಅರಸುಮನೆಗೆ. ಸಿಕ್ಕ ಪುಸ್ತಕಗಳಲ್ಲೆಲ್ಲ ಇದ್ದದ್ದು ಇಷ್ಟೇ: ಯಾರ ಮಗಳು, ಯಾರ ಹೆಂಡತಿ, ಯಾರ್ಯಾರ ತಾಯಿ. ಅವಳ ಪತ್ರಗಳನ್ನು ತರಿಸಿ ಓದಿದಾಗಲೇ ಮಹಾಮಾಯಾಗೆ ಒಬ್ಬ ಹೆಂಗಸು ಕಂಡದ್ದು. ಗಂಡನ ಮುಖಕ್ಕಿಂತ ಮೊದಲು ಅವನು ಕಳಿಸಿದ ಉಂಗುರ ನೋಡಿದವಳು. ಐದು ಹೆತ್ತು ಎರಡನ್ನು ಮಣ್ಣಿಗಿಟ್ಟವಳು. ರಾಜ್ಯ ಹೋದ ಮೇಲೆ ಬಾಡಿಗೆ ಮನೆಯಲ್ಲಿ ಕೂತು ಮೊಮ್ಮಕ್ಕಳ ಹರಿದ ಬಟ್ಟೆ ಹೊಲಿದವಳು. ಬರೆಯುತ್ತ ಕೂತರೆ ಬಸ್ಸು ಸಂತಪುರ ದಾಟಿದ್ದೂ ತಿಳಿಯುತ್ತಿರಲಿಲ್ಲ. "ನಮ್ಮ ಮನ್ಯಾಗ ಈಗ ಮೂರು ಮಂದಿ ಆದ್ವಲ್ಲ" ಎಂದು ಗಂಡ ನಾಗಸೇನ ನಗುತ್ತಿದ್ದ.

ಪುಸ್ತಕ ಬೀದರಿನಲ್ಲಿ ಬಿಡುಗಡೆಯಾಯಿತು. ಟ್ರಂಕಿನಲ್ಲಿಟ್ಟಿದ್ದ ಸೀರೆ ಉಟ್ಟು ಅಂಜನಾಬಾಯಿ ಭಾಲ್ಕಿಯಿಂದ ಬಂದಿದ್ದಳು. ವೇದಿಕೆಯ ಮೇಲೆ ಎತ್ತಿ ಹಿಡಿದ ಪುಸ್ತಕದ ಮೇಲೆ ಲೇಖಕನ ಹೆಸರು: ಅಮಿತಕುಮಾರ. ಮಲ್ಲಿಕಾರ್ಜುನಪ್ಪನವರ ಮಗ. ಕಾಯಂ ನೌಕರಿಯ ಸಂದರ್ಶನಕ್ಕೆ ಅವನಿಗೊಂದು ಪುಸ್ತಕ ಬೇಕಾಗಿತ್ತು. ಒಳಗೆ, ಕೃತಜ್ಞತೆಯ ಕೊನೆಯ ಸಾಲಿನಲ್ಲಿ, "ಕರಡು ತಿದ್ದಿಕೊಟ್ಟ ಶ್ರೀಮತಿ ನಾಗಸೇನ ಅವರಿಗೆ."

"ನಿನ್ನ ಹೆಸರು ಎಲ್ಲಿ ಅದ, ತೋರ್ಸವ್ವ" ಎಂದಳು ಓದು ಬಾರದ ಅಂಜನಾಬಾಯಿ. ಮಹಾಮಾಯಾ ಅಮಿತಕುಮಾರನ ಹೆಸರಿನ ಮೇಲೆ ಬೆರಳಿಟ್ಟಳು. ಮುದುಕಿ ಅದನ್ನು ಸವರಿದಳು. ಆಮೇಲೆ ಒಂದೊಂದೇ ಅಕ್ಷರ ಎಣಿಸಿದಳು.

"ನಿನ್ನ ಹೆಸರು ನಾಕು ಅಕ್ಷರ ಅಂತ ಸಣ್ಣಕ್ಕಿದ್ದಾಗ ನೀನಾ ಪಾಟಿ ಮ್ಯಾಲ ಬರ್ದು ತೋರ್ಸಿದ್ದಿ. ಇಲ್ಲಿ ಆರು ಅವ."

ಮಹಾಮಾಯಾ ಎದ್ದು ವೇದಿಕೆಯ ಹತ್ತಿರ ಹೋದಳು. "ಸರ್, ಇದು ನಾ ಬರ್ದಿದ್ದು ರಿ."

"ಹೌದಮ್ಮ, ನೀವು ಕಷ್ಟಪಟ್ಟೀರಿ. ಅದಕ್ಕಾ ಒಳಗ ಹೆಸರು ಹಾಕೀವಲ್ಲ" ಎಂದರು ಮಲ್ಲಿಕಾರ್ಜುನಪ್ಪ, ಕೊರಳ ಹಾರ ತೆಗೆಯುತ್ತ.

"ಅದು ನನ್ನ ಗಂಡನ ಹೆಸರು ರಿ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಅಮಿತಕುಮಾರ ಮೊಬೈಲ್ ನೋಡುತ್ತ ನಿಂತ.

ಮಹಾಮಾಯಾ ಕಾಲೇಜಿನ ಪ್ರಾಂಶುಪಾಲರಿಗೆ ದೂರು ಕೊಟ್ಟಳು. ಪರಿಶೀಲನೆಗೆಂದು ತೆಗೆದುಕೊಂಡ ಅವಳ ಕೈಬರಹದ ಹಾಳೆಗಳು ಮರಳಿ ಬರಲಿಲ್ಲ. ಮರುವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವಳಿರಲಿಲ್ಲ. ಅಮಿತಕುಮಾರನ ನೌಕರಿ ಕಾಯಂ ಆಯಿತು.

ಈಗ ಅವಳು ನೌಬಾದದ ಮನೆಯಲ್ಲೇ ಪಾಠ ಹೇಳುತ್ತಾಳೆ. ಹೋದ ವಾರ ಪೂನಮ ಎಂಬ ಡಿಗ್ರಿ ಹುಡುಗಿ ಅದೇ ಪುಸ್ತಕ ತಂದು, "ಇದು ನಮಗ ಈ ವರ್ಷ ಪಾಠಕ್ಕ ಅದ ರಿ ಮೇಡಂ. ಅಮಿತಕುಮಾರ ಸರ್ ಹೆಣ್ಮಕ್ಕಳ ಸಂಕಟ ಎಷ್ಟು ತಿಳ್ಕೊಂಡಾರ ನೋಡ್ರಿ" ಎಂದಳು.

ಮಹಾಮಾಯಾ ಪುಸ್ತಕ ತೆರೆದು, "ಎಲ್ಲಿಂದ ಹೇಳ್ಲಿ?" ಎಂದು ಕೇಳಿದಳು.