ಕಾಲೆತ್ತದ ನೋವು

ಓಣಿಯವರು ಅವಳಿಗಿಟ್ಟ ಹೆಸರು ಇಲಿ ಡಾಕ್ಟರು. "ಹಲ್ಲು ನೋವು ಅಂತ ಅವಳ ಬಾಗಿಲು ತಟ್ಟಬೇಡಿ, ಬಾಲ ಇದ್ದೋರಿಗೆ ಮಾತ್ರ ಔಷಧಿ" ಎಂದು ಎದುರುಮನೆ ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದ. ಮದುವೆಯಿಲ್ಲ, ಮಕ್ಕಳಿಲ್ಲ, ಅಕ್ಕನ ಮನೆಯ ಮಹಡಿ ಕೋಣೆಯೇ ಅವಳ ಗೂಡು. ಬೆಳಿಗ್ಗೆ ಹೊಸ್ತಿಲು ದಾಟುವಾಗ ಭಾವ, ನಿವೃತ್ತ ಬಸ್ ಚಾಲಕರು, ಪತ್ರಿಕೆಯಿಂದ ತಲೆಯೆತ್ತದೆ, "ಇಲಿರಾಯರನ್ನ ಕೇಳಿದೆ ಅಂತ ಹೇಳಮ್ಮ" ಅನ್ನಬೇಕು; ಅವಳು, "ಅವರೂ ನಿಮ್ಮ ಸೊಂಟ ಹೇಗಿದೆ ಅಂತಿದ್ರು ಭಾವ" ಅನ್ನಬೇಕು. ಅದಾಗದೆ ಆ ಮನೆಯಲ್ಲಿ ದಿನ ಶುರುವಾಗುತ್ತಿರಲಿಲ್ಲ.

ನೋವಿನ ಗುಟ್ಟು ಹುಡುಕುವ ಹುಚ್ಚು ಅವಳಿಗೆ ಹಿಡಿದದ್ದು ಅಕ್ಕನಿಂದಲೇ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿದವಳು ಅವಳು. ಒಮ್ಮೆ ಕುದಿನೀರು ತಂಗಿಯ ಕಾಲ ಮೇಲೆ ಚೆಲ್ಲಿದಾಗ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ದಮ್ಮು ಕಟ್ಟುವ ತನಕ ಊದಿದ್ದಳು. ಊದಿದರೆ ಉರಿ ಯಾಕೆ ಇಳಿಯುತ್ತೆ ಎಂದು ತಂಗಿ ಕೇಳಿದ್ದಳು. "ನನಗೇನು ಗೊತ್ತೇ, ನೀನೇ ಓದಿ ಹೇಳು" ಅಂದಿದ್ದಳು ಅಕ್ಕ. ಆ ಪ್ರಶ್ನೆಯ ಬಾಲ ಹಿಡಿದು ತಂಗಿಯ ಆಯಸ್ಸೆಲ್ಲ ಸಂಶೋಧನಾಲಯದಲ್ಲೇ ಸವೆಯಿತು.

ಅಲ್ಲಿ ಇಲಿಯ ಕೂದಲಿಗಿಂತ ತೆಳುವಾದ ನರದ ಎಳೆ ಬಿಡಿಸಿ ತಂತಿಗೆ ಜೋಡಿಸಿದರೆ, ಧ್ವನಿವರ್ಧಕದಲ್ಲಿ ನೋವಿನ ಸುದ್ದಿ ಸಾಗುವ ಸದ್ದು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳಿಸುತ್ತಿತ್ತು. ಇನ್ನೊಂದು ಮೇಜಿನ ಮೇಲೆ ಗಾಜಿನ ಹಲಗೆ, ಕೆಳಗೆ ದೀಪ. ಗಾಜು ಬಿಸಿಯಾಗಿ ಇಲಿ ಕಾಲೆತ್ತಿತೋ, ದೀಪ ಆರಿ ಗಡಿಯಾರ ನಿಲ್ಲುತ್ತದೆ. ತಡವಾಗಿ ಎತ್ತಿದರೆ ಔಷಧಿ ಕೆಲಸ ಮಾಡಿತೆಂದು ಲೆಕ್ಕ. ಇಲಿಗೆ ಬಾಯಿಲ್ಲವಲ್ಲ, ಅದರ ಪರವಾಗಿ ಕಾಲೇ ಮಾತಾಡಬೇಕು. ಕಾಲಿನ ಮಾತೇ ಪೂರ್ತಿ ಮಾತಲ್ಲ ಎಂದು ವಿದ್ಯಾರ್ಥಿಗಳಿಗೆ ಅವಳೇ ಪಾಠ ಹೇಳುತ್ತಿದ್ದಳು. ಹೇಳಿ, ಮತ್ತೆ ಗಾಜಿನ ಮುಂದೆ ಕೂರುತ್ತಿದ್ದಳು. ಬಾಯಿಗೆ ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ.

ಅಕ್ಕನಿಗೆ ಲಕ್ವ ಹೊಡೆದು ಬಲಭಾಗ ಬಿತ್ತು, ಮಾತು ಹೋಯಿತು. ಹೂಂಗೂ ಉಹೂಂಗೂ ಒಂದೇ ಥರ ತಲೆಯಾಡಿಸುತ್ತಿದ್ದಳು. ಭಾವ ಕೇಳಿದ್ದು ಒಂದೇ: "ನಡೀದಿದ್ರೆ ಬೇಡ, ಮಾತಾಡದಿದ್ರೂ ಬೇಡ. ಇವಳಿಗೆ ನೋವಿದೆಯಾ ನೋಡು. ಅದು ನಿನ್ನ ವಿದ್ಯೆ."

ಚುಚ್ಚಿದ್ದು ತಿಳಿಯುತ್ತದೋ ಎಂದು ನೋಡಲು ಸಂಶೋಧನಾಲಯದಲ್ಲಿ ಬಳಸುವ ಗಟ್ಟಿ ನೈಲಾನ್ ಎಳೆ ತಂದು ಅಕ್ಕನ ಬಲ ಅಂಗಾಲಿಗೆ ಒತ್ತಿದಳು. ಕಾಲು ಮಿಸುಕಲಿಲ್ಲ. ಕಣ್ಣಿನಿಂದ ನೀರಿಳಿಯಿತು, ರೆಪ್ಪೆ ಸರಿಯಾಗಿ ಮುಚ್ಚದ ಕಣ್ಣು, ಸೋರುತ್ತದೆ. ಎಡಗೈ ಹಾಸಿಗೆ ಗೀರಿತು. ಏನೋ ಬೇಕೆಂದು ಕೇಳುತ್ತಿದ್ದಾಳೆ ಅಂದುಕೊಂಡಳು ತಂಗಿ.

"ಇಲ್ಲ ಭಾವ. ದಾರಿಯೇ ಕಡಿದುಹೋಗಿದೆ. ಆ ಕಡೆ ಏನೂ ಗೊತ್ತಾಗಲ್ಲ."

ಬೇಕೆನಿಸಿದರೆ ಕೊಡಿ ಎಂದು ವೈದ್ಯರು ಬರೆದಿದ್ದ ನರನೋವಿನ ಮಾತ್ರೆ, ಮಂಪರು ತರುತ್ತದೆಂದು, ಕಪಾಟು ಸೇರಿತು. ಆ ಕಾಲು ಸದಾ ತಣ್ಣಗೆ. ಹಾಗಾಗಿ ದಿನವೂ ಉಣ್ಣೆ ಕಂಬಳಿ ಹೊದಿಸಿ, ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸುತ್ತಿದ್ದಳು. ತಾಯಿ ಮಗುವಿಗೆ ಮಾಡುವ ಹಾಗೆ.

ಚಳಿ ಕಳೆದ ಮೇಲೆ ಅಕ್ಕನ ನಾಲಿಗೆ ಅಷ್ಟಷ್ಟೇ ತಿರುಗತೊಡಗಿತು. ಭಾವ ಹಾಲಿಗೆ ಹೋಗಿದ್ದ ಒಂದು ಬೆಳಿಗ್ಗೆ, ಕಂಬಳಿ ಸಿಕ್ಕಿಸುತ್ತಿದ್ದಾಗ, "ತೆಗಿ" ಅಂದಳು.

"ಏನಕ್ಕ?"

"ಕಂಬಳಿ. ಉರಿ... ಯಾವಾಗ್ಲೂ ಉರಿ."

ತಂಗಿ ಕಂಬಳಿ ಕಿತ್ತೆಸೆದಳು. ಏನೂ ತೋಚದೆ, ಬಗ್ಗಿ ಆ ಕಾಲಿಗೆ ಊದಿದಳು. ಅಕ್ಕನ ಅರ್ಧ ಮುಖ ಕಿವುಚಿಕೊಂಡಿತು. ಎಡಗೈ ತಂಗಿಯ ತಲೆಯನ್ನು ತಳ್ಳಿತು.

"ಬೇಡ."

ಮಾತ್ರೆ ಶುರುವಾಯಿತು. ಭಾವ ಕೇಳಿದಾಗ, ನರ ಚುರುಕಾಗಲಿ ಅಂತ ಕೊಡ್ತಿದ್ದೀನಿ ಎಂದಳು. ಉರಿ ಕೊಂಚ ಇಳಿಯಿತು, ಅಷ್ಟೇ. ಅಷ್ಟರಲ್ಲಿ ಎರಡನೇ ಸಲ ಹೊಡೆತ ಬಿದ್ದು ಅಕ್ಕ ಕಣ್ಣು ಮುಚ್ಚಿದಳು.

ಬಂದವರೆಲ್ಲ ಹೋದ ಮೇಲೆ ಭಾವ ಮೆಟ್ಟಿಲ ಮೇಲೆ ಕೂತು ಹೇಳಿದರು: "ಹೋದಳು. ನೋವು ತಿನ್ನದೆ ಹೋದಳಲ್ಲ, ಅದೊಂದು ಸಮಾಧಾನ. ಅಲ್ವೇನಮ್ಮ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಕಾಲದ ಮೇಲೆ ಬಾಯಿಬಿಟ್ಟು ಹೇಳಿದ ಅಕ್ಕನ ಮಾತನ್ನು ನುಂಗಿಬಿಡಲು ಅವಳಿಂದಾಗಲಿಲ್ಲ.

"ಇತ್ತು ಭಾವ. ಮೊದಲಿಂದ್ಲೂ ಇತ್ತು. ಕಂಬಳಿ ತಾಗಿದ್ರೂ ಉರೀತಿತ್ತಂತೆ. ಹೊದಿಸ್ತಿದ್ದೋಳು ನಾನೇ."

ಭಾವ ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು. "ನೀನು ಹೇಳಿದೆ ಅಂತ ನಾನು ಪಕ್ಕದಲ್ಲೇ ಗೊರಕೆ ಹೊಡೀತಿದ್ದೆ." ಆಮೇಲೆ, ದನಿಯೇರಿಸದೆ, "ನಿನ್ನ ಮುಖ ನೋಡ್ಕೊಂಡು ಈ ಮನೇಲಿರೋಕೆ ನನ್ನಿಂದಾಗಲ್ಲ ತಾಯಿ" ಅಂದರು.

ಸಂಶೋಧನಾಲಯದ ಅತಿಥಿಗೃಹದಲ್ಲಿ ಒಂದು ಕೋಣೆ ಕೇಳಿಕೊಂಡಳು. ಮರುದಿನ ಪೆಟ್ಟಿಗೆ ಹಿಡಿದು ಕೆಳಗಿಳಿದಾಗ ಭಾವ ಪತ್ರಿಕೆ ಹಿಡಿದು ಕೂತಿದ್ದರು. ಹೊಸ್ತಿಲಲ್ಲಿ ನಿಂತು, ಬಿಗಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದಳು. ಪತ್ರಿಕೆಯ ಹಾಳೆ ಮಗುಚಲಿಲ್ಲ. ಎದುರುಮನೆಯ ಹೊಲಿಗೆಯಂತ್ರ ಮಾತ್ರ ಓಡುತ್ತಿತ್ತು. ಹೋಗುವವರು ಹೇಳಬೇಕಾದ "ಬರ್ತೀನಿ" ನಾಲಿಗೆ ತುದಿಗೆ ಬಂದು ನಿಂತಿತು. ಹೇಳದೆ ಮೆಟ್ಟಿಲಿಳಿದಳು.